ಮೊದಲ ಅರ್ಧ ಗಂಟೆ

2005ರ ಡಿಸೆಂಬರ್ 28, ಬುಧವಾರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೆ.ಎನ್. ಟಾಟಾ ಸಭಾಂಗಣದಲ್ಲಿ ಆಪರೇಷನಲ್ ರಿಸರ್ಚ್ ಸೊಸೈಟಿಯ ಅಂತರರಾಷ್ಟ್ರೀಯ ಸಮ್ಮೇಳನ ನಡೆದಿತ್ತು. ಸಂಜೆ ಏಳರ ಸುಮಾರಿಗೆ ಗೋಷ್ಠಿ ಮುಗಿಸಿ ಊಟಕ್ಕೆಂದು ಹೊರಬರುತ್ತಿದ್ದವರ ಮೇಲೆ ಯಾರೋ ಗುಂಡು ಹಾರಿಸಿದರು. ದೆಹಲಿ ಐಐಟಿಯ ಗಣಿತದ ಹಿರಿಯ ಪ್ರಾಧ್ಯಾಪಕ ಎಂ.ಸಿ. ಪುರಿ ತೀರಿಕೊಂಡರು. ನಾಲ್ಕು ಜನ ಗಾಯಗೊಂಡರು. ಕೊಂದವನು ಬಂದೂಕು ಅಲ್ಲೇ ಬಿಟ್ಟು ಕತ್ತಲಲ್ಲಿ ಪರಾರಿಯಾದ.

ನಾನಾಗ ಮಲ್ಲೇಶ್ವರದಲ್ಲಿ ಬಾಡಿಗೆ ಕೋಣೆ ಹಿಡಿದುಕೊಂಡು ಓದುತ್ತಿದ್ದೆ. ಸಂಸ್ಥೆಯ ಗೇಟು ಅಲ್ಲಿಂದ ನಡೆದು ಹೋಗುವಷ್ಟೇ ದೂರ. ನನಗೆ ಒಂದು ಸದ್ದೂ ಕೇಳಿಸಿರಲಿಲ್ಲ. ಸುದ್ದಿ ಮುಟ್ಟಿದ್ದು ಇಳಕಲ್ಲಿನಿಂದ. ಪಕ್ಕದ ಮನೆಯ ಫೋನಿನಿಂದ ಅವ್ವ ಮಾತಾಡುತ್ತಿದ್ದಳು: "ಎಲ್ಲಿ ಅದೀ? ಹೊರಗ ಹೋಗಬ್ಯಾಡ. ಟೀವ್ಯಾಗ ತೋರಸಾಕತ್ತಾರ." ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದಲ್ಲಿದ್ದ ಆಕೆಗೆ ಎಲ್ಲ ಗೊತ್ತಿತ್ತು. ನಮ್ಮ ಬೀದಿಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಸುದ್ದಿ ಬೇಗ ಹೋಗುತ್ತದೆ, ಆದರೆ ಅದು ಬೇಕಾದವರ ಕಡೆಗೇ ಹೋಗುತ್ತದೆಂದೇನಿಲ್ಲ.

ಆ ವಾರದ ಇನ್ನೊಂದು ತಾರೀಖನ್ನು ನಾನು ಗಮನಿಸಿದ್ದು ಬಹಳ ವರ್ಷಗಳ ನಂತರ. ಗುಂಡು ಹಾರಿದ್ದಕ್ಕೆ ಐದೇ ದಿನ ಮೊದಲು, ಡಿಸೆಂಬರ್ 23ರಂದು, ವಿಪತ್ತು ನಿರ್ವಹಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತ್ತು. ಹಿಂದಿನ ವರ್ಷದ ಸುನಾಮಿಯ ಬೆನ್ನಿಗೆ ಬಂದ ಕಾಯ್ದೆ ಅದು. ಹೆಸರು ಕೇಳಿದರೆ ಹೊಳೆ, ಭೂಕಂಪ, ಬಿರುಗಾಳಿ ನೆನಪಾಗುತ್ತವೆ. ಆದರೆ ಮನುಷ್ಯ ತಂದಿಟ್ಟ ಅನಾಹುತವೂ ಅದರ ವ್ಯಾಖ್ಯೆಯೊಳಗೇ ಇದೆ. ಅದರ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರ, ಒಂದು ಯೋಜನೆ ಇರಬೇಕು. ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಸಹ ಅಧ್ಯಕ್ಷರು, ಪೊಲೀಸ್ ವರಿಷ್ಠಾಧಿಕಾರಿ ಮತ್ತು ಜಿಲ್ಲೆಯ ಆರೋಗ್ಯಾಧಿಕಾರಿ ಸದಸ್ಯರು. ನಮ್ಮ ಜಿಲ್ಲೆಯ ಮಟ್ಟಿಗೆ ಇವರೆಲ್ಲ ಕೂಡುವುದು ಬಾಗಲಕೋಟೆಯ ನವನಗರದಲ್ಲಿ. ಹಳೆಯ ಊರು ಆಲಮಟ್ಟಿಯ ಹಿನ್ನೀರಿಗೆ ಸರಿದುಕೊಟ್ಟ ಮೇಲೆ ಎದ್ದ ಊರಿನಲ್ಲಿ ವಿಪತ್ತಿನ ಸಭೆ!

ನಮ್ಮ ಕಡೆಯವರಿಗೆ ವಿಪತ್ತು ಎಂದರೆ ನೀರೇ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಸುರಿದ ಮಳೆಗೆ ಬಾದಾಮಿ, ಹುನಗುಂದ ಸೀಮೆಯ ಮಣ್ಣಿನ ಮನೆಗಳು ಕುಸಿದವು. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2019ರಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳಿಗೂ ನುಗ್ಗಿತು. ಹೊಳೆಯಾದರೆ ಒಂದಿಷ್ಟು ಸೂಚನೆ ಕೊಡುತ್ತದೆ. ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು ಎಂಬ ಲೆಕ್ಕ ಸಿಗುತ್ತದೆ, ಡಂಗುರ ಸಾರಿಸಬಹುದು, ದನ ಬಿಚ್ಚಬಹುದು. ಬಂದೂಕು ಹಿಡಿದವನು ಡಂಗುರಕ್ಕೆ ಸಮಯ ಕೊಡುವುದಿಲ್ಲ. ಹಾಗಾಗಿ ಇಂಥ ಘಟನೆಯಲ್ಲಿ ಊರಿನ ವ್ಯವಸ್ಥೆ ಹೇಗೆ ನಡೆದುಕೊಳ್ಳುತ್ತದೆ ಎಂದು ಕೇಳುವ ಮೊದಲು, ವ್ಯವಸ್ಥೆ ಬಂದು ಮುಟ್ಟುವವರೆಗೆ ಅಲ್ಲಿದ್ದವರು ಏನು ಮಾಡುತ್ತಾರೆ ಎಂದು ಕೇಳಬೇಕಾಗುತ್ತದೆ.

ಇದಕ್ಕೆ ನಮಗೆ ಸಿಗುವ ದೊಡ್ಡ ಪಾಠ ಮುಂಬೈಯದು. 2008ರ ನವೆಂಬರ್ 26ರ ರಾತ್ರಿ ಇಬ್ಬರು ಬಂದೂಕುಧಾರಿಗಳು ನುಗ್ಗಿದ ಛತ್ರಪತಿ ಶಿವಾಜಿ ನಿಲ್ದಾಣ ನಮಗೆ ಪರಕೀಯವೇನಲ್ಲ. ಬಾದಾಮಿ, ಬಾಗಲಕೋಟೆಯ ಮೇಲೆ ಹಾದು ಮುಂಬೈಗೆ ಹೋಗುವ ರೈಲು ಕೊನೆಗೆ ನಿಲ್ಲುವುದು ಅಲ್ಲೇ. ಆ ರಾತ್ರಿ ನಿಲ್ದಾಣದಲ್ಲಿ ರೈಲುಗಳ ವೇಳೆ ಕೂಗುವ ಕೆಲಸದಲ್ಲಿದ್ದವರು ವಿಷ್ಣು ಝೆಂಡೆ. ದೂರಪ್ರಯಾಣದ ರೈಲುಗಳ ಕಡೆ ಗದ್ದಲವೆದ್ದದ್ದನ್ನು ಕಂಡು, ಆ ಕಡೆ ಹೋಗಬೇಡಿ, ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ಎಂದು ಮೈಕಿನಲ್ಲಿ ಹೇಳುತ್ತಲೇ ಹೋದರು. ಲೋಕಲ್ ರೈಲಿನಿಂದ ಇಳಿಯುತ್ತಿದ್ದ ಜನ ಆ ದನಿ ಕೇಳಿ ತಿರುಗಿದರು. ಅಲ್ಲಿಂದ ಹೊರಟ ಹಂತಕರು ಕಾಮಾ ಆಸ್ಪತ್ರೆಗೆ ಹೋದಾಗ ಹೆರಿಗೆ ವಾರ್ಡಿನ ನರ್ಸ್ ಅಂಜಲಿ ಕುಲ್ಥೆ ಇಪ್ಪತ್ತು ಗರ್ಭಿಣಿಯರನ್ನು ಒಂದು ಸಣ್ಣ ಕೋಣೆಗೆ ಸೇರಿಸಿ ದೀಪ ಆರಿಸಿ ಕೂತರು. ಗಿರಗಾಂವ್ ಚೌಪಾಟಿಯಲ್ಲಿ ತುಕಾರಾಮ್ ಓಂಬಳೆ ಎಂಬ ಪೊಲೀಸರು ಬಂದೂಕಿನ ನಳಿಕೆಯನ್ನೇ ಹಿಡಿದುಕೊಂಡು ಪ್ರಾಣ ಬಿಟ್ಟರು, ಕಸಬ್ ಜೀವಂತ ಸಿಕ್ಕ. ಎನ್‌ಎಸ್‌ಜಿ ಕಮಾಂಡೋಗಳು ದೆಹಲಿಯ ಕಡೆಯಿಂದ ವಿಮಾನದಲ್ಲಿ ಬಂದು ತಲುಪುವಷ್ಟರಲ್ಲಿ ಬೆಳಗಾಗಿತ್ತು. ಒಟ್ಟು 166 ಜನ ಹೋದರು. ಮರುವರ್ಷವೇ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ಎನ್‌ಎಸ್‌ಜಿ ಕೇಂದ್ರಗಳು ತೆರೆದವು. ಕರ್ನಾಟಕ 'ಗರುಡ' ಪಡೆ ಕಟ್ಟಿತು. ಅವೆಲ್ಲ ಬೇಕಾದವೇ. ಆದರೆ ಹುನಗುಂದದ ಬಸ್ ನಿಲ್ದಾಣಕ್ಕೆ ಬೆಂಗಳೂರಿನಿಂದ ಗರುಡ ಎಷ್ಟು ಬೇಗ ಹಾರೀತು?

ಪೊಲೀಸರು ಹತ್ತಿರವೇ ಇದ್ದರೂ ಸಾಲದು ಎಂಬುದಕ್ಕೆ ಅಮೆರಿಕದ ಉದಾಹರಣೆ ಇದೆ. ಅಲ್ಲಿ 1999ರ ಕೊಲಂಬೈನ್ ಶಾಲೆಯ ಹತ್ಯಾಕಾಂಡದವರೆಗೆ ಸುತ್ತುವರಿದು, ವಿಶೇಷ ಪಡೆ ಬರುವ ತನಕ ಕಾಯುವುದೇ ಪದ್ಧತಿಯಾಗಿತ್ತು. ಒಳಗೆ ಒಬ್ಬ ಶಿಕ್ಷಕರು ರಕ್ತ ಸುರಿದು ಸುರಿದೇ ಸತ್ತರು. ಆಮೇಲೆ ನಿಯಮ ಬದಲಾಯಿತು: ಮೊದಲು ಬಂದ ಪೊಲೀಸರೇ ಒಳನುಗ್ಗಬೇಕು. ಇಷ್ಟು ಕಲಿತ ದೇಶದಲ್ಲೇ 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡಿ ಎಂಬ ಸಣ್ಣ ಊರಿನ ಶಾಲೆಯಲ್ಲಿ ನೂರಾರು ಪೊಲೀಸರು ಜಮಾಯಿಸಿಯೂ 77 ನಿಮಿಷ ಕಾದರು. ಹತ್ತೊಂಬತ್ತು ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಯೋಜನೆ ಇತ್ತು, ತರಬೇತಿ ಇತ್ತು, ಬಂದೂಕೂ ಇತ್ತು. ಈಗ ಇಲ್ಲಿ ಅಪ್ಪಣೆ ಕೊಡಬೇಕಾದವರು ಯಾರು ಎಂಬುದೊಂದು ಗಟ್ಟಿಯಾಗಿರಲಿಲ್ಲ. ಯುವಾಲ್ಡಿಯ ಬಗ್ಗೆ ಓದುವಾಗಲೆಲ್ಲ ನನಗೆ ನಮ್ಮ ಕಚೇರಿಗಳು ನೆನಪಾಗುತ್ತವೆ, ಸಾಹೇಬರು ಬರಲಿ ಎನ್ನುವ ಆ ಒಂದು ಮಾತು.

ಗುಂಡಿನೇಟಿನಲ್ಲಿ ಕಾಯಲಾಗದ್ದು ರಕ್ತ. ಕೈಗೋ ಕಾಲಿಗೋ ಬಿದ್ದ ಗಾಯದಿಂದ ರಕ್ತ ಚಿಮ್ಮುತ್ತಿದ್ದರೆ ಕೆಲವೇ ನಿಮಿಷದಲ್ಲಿ ಜೀವ ಹೋಗಬಹುದು. ಗಾಯದ ಮೇಲೆ ಬಟ್ಟೆಯಿಟ್ಟು ಭಾರ ಹಾಕಿ ಒತ್ತಬೇಕು. ಅದಕ್ಕೂ ನಿಲ್ಲದಿದ್ದರೆ ಗಾಯದ ಮೇಲ್ಭಾಗದಲ್ಲಿ ಅಗಲವಾದ ಪಟ್ಟಿ ಸುತ್ತಿ, ಒಂದು ಕೋಲು ಸಿಕ್ಕಿಸಿ ರಕ್ತ ನಿಲ್ಲುವವರೆಗೆ ತಿರುಚಿ ಬಿಗಿಯಬೇಕು, ಕಟ್ಟಿದ ಹೊತ್ತನ್ನು ಬರೆದಿಡಬೇಕು, ನಡುವೆ ಸಡಿಲಿಸಬಾರದು. ಇದನ್ನು ಕಲಿಯಲು ಡಾಕ್ಟರೇ ಆಗಬೇಕಿಲ್ಲ. ಇಳಕಲ್ಲಿನಲ್ಲಿ ಪಟ್ಟಿಗೆ ಬಟ್ಟೆ ಸಾಲದು ಎಂದು ಯಾರೂ ಹೇಳಲಾರರು.

ನಂತರದ ಪ್ರಶ್ನೆ, ಹೊತ್ತುಕೊಂಡು ಹೋಗುವವರು ಯಾರು. ಕರ್ನಾಟಕದಲ್ಲಿ 108 ಶುರುವಾದದ್ದು 2008ರ ನವೆಂಬರಿನಲ್ಲಿ, ಈಗ 112 ಕೂಡ ಇದೆ. ಆದರೆ ಒಂದೇ ಸಲಕ್ಕೆ ಐವತ್ತು ಜನ ಬಿದ್ದರೆ ಯಾವ ಊರಿನ ಆಂಬುಲೆನ್ಸೂ ಸಾಲುವುದಿಲ್ಲ. 2017ರ ಅಕ್ಟೋಬರ್ 1ರ ರಾತ್ರಿ ಲಾಸ್ ವೇಗಸ್‌ನ ಸಂಗೀತ ಸಮಾರಂಭದ ಮೇಲೆ ಗುಂಡಿನ ದಾಳಿಯಾದಾಗ ಗಾಯಾಳುಗಳಲ್ಲಿ ಬಹಳಷ್ಟು ಜನ ಆಸ್ಪತ್ರೆ ಸೇರಿದ್ದು ಯಾರ್ಯಾರದೋ ಕಾರು, ಟ್ಯಾಕ್ಸಿಗಳಲ್ಲಿ. ಒಂದೇ ಆಸ್ಪತ್ರೆಗೆ ಇನ್ನೂರಕ್ಕೂ ಹೆಚ್ಚು ಮಂದಿ ಬಂದಿಳಿದರು.

ನಮ್ಮಲ್ಲಿ ಆ ಕೆಲಸ ಮಾಡುವುದು ಟಂಟಂ. ಇಳಕಲ್ ಹತ್ತಿರ ಹೆದ್ದಾರಿಯಲ್ಲಿ ಅಪಘಾತವಾದಾಗ ಗಾಯಾಳುಗಳನ್ನು ಹಲವು ಸಲ ಸಾಗಿಸಿದ ಟಂಟಂ ಚಾಲಕರೊಬ್ಬರನ್ನು ಕೇಳಿದೆ, ಅಂಜಿಕೆ ಆಗುವುದಿಲ್ಲವೇ ಎಂದು. "ರಕ್ತ ಸೀಟಿಗೆ ಹತ್ತತೈತಿ ಅನ್ನೋ ಚಿಂತಿ ಇಲ್ರಿ ಸರ, ತೊಳದ್ರ ಹೋಗತೈತಿ. ಆಮ್ಯಾಲ ಸ್ಟೇಶನ್ನಿಗೆ ಎಷ್ಟ ಸರ್ತಿ ಅಡ್ಡಾಡಬೇಕ ಅನ್ನೋದ ಚಿಂತಿ." ಜೀವ ಉಳಿಸಲು ನೆರವಾದವರಿಗೆ ಕಿರುಕುಳ ಆಗದಂತೆ ರಕ್ಷಣೆ ಕೊಡುವ ಕಾಯ್ದೆಯನ್ನು ಕರ್ನಾಟಕ 2016ರಲ್ಲೇ ಮಾಡಿದೆ. ಅವರಿಗೆ ಹೇಳಿದೆ. "ಹೌದ್ರ್ಯಾ? ಅದನ್ನ ಸ್ಟೇಶನ್ನಾಗೂ ಹೇಳ್ಯಾರೇನ್ರಿ?" ಎಂದರು. ನಾನು ನಕ್ಕೆ, ಅವರು ನಗಲಿಲ್ಲ.

ಟಂಟಂ ಎಲ್ಲಿಗೆ ಓಡುತ್ತದೆ? ಚಾಲಕನಿಗೆ ಗೊತ್ತಿರುವ ದೊಡ್ಡ ಆಸ್ಪತ್ರೆಗೆ. ದೊಡ್ಡ ಗಾಯವಾದರೆ ಇಳಕಲ್, ಹುನಗುಂದ, ಬಾದಾಮಿ ಎಲ್ಲ ಕಡೆಯವರೂ ಕೊನೆಗೆ ಬಾಗಲಕೋಟೆಯ ದಾರಿಯನ್ನೇ ಹಿಡಿಯುತ್ತಾರೆ. ಎಲ್ಲರೂ ಒಂದೇ ಬಾಗಿಲಿಗೆ ಹೋದರೆ ಮೊದಲು ಬಂದವನ ಸಣ್ಣ ಗಾಯಕ್ಕೆ ಹೊಲಿಗೆ ಬೀಳುತ್ತದೆ, ಕೊನೆಗೆ ಬಂದವನು ಹೊರಗೇ ಉಳಿಯುತ್ತಾನೆ. ಅದಕ್ಕೇ ಬಾಗಿಲಲ್ಲಿ ನಿಂತು ವಿಂಗಡಿಸುವ ಪದ್ಧತಿ: ಈಗಲೇ ಕೈಹಚ್ಚಬೇಕಾದವರಿಗೆ ಕೆಂಪು, ಸ್ವಲ್ಪ ತಡೆಯಬಲ್ಲವರಿಗೆ ಹಳದಿ, ನಡೆದಾಡಬಲ್ಲವರಿಗೆ ಹಸಿರು. ಉಳಿಸಲು ಆಗದವರಿಗೆ ಕಪ್ಪು. ಈ ಕಪ್ಪು ಪಟ್ಟಿ ಕಟ್ಟುವ ಕೈ ಯಾರದೇ ಇರಲಿ, ಅವರಿಗೆ ಆ ರಾತ್ರಿ ನಿದ್ದೆ ಹೇಗೆ ಬಂದೀತು! ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2007ರಲ್ಲೇ ಸಾಮೂಹಿಕ ಸಾವುನೋವಿನ ವೈದ್ಯಕೀಯ ಸಿದ್ಧತೆಗೆಂದು ಮಾರ್ಗಸೂಚಿ ತಂದಿದೆ. ಹೊತ್ತಲ್ಲದ ಹೊತ್ತಲ್ಲಿ ಡಾಕ್ಟರುಗಳನ್ನು ಕರೆಸುವುದು, ರಕ್ತ ಒದಗಿಸುವುದು, ಸೇರಿದವರ ಹೆಸರಿನ ಪಟ್ಟಿ ಹಚ್ಚುವುದು, ಎಲ್ಲವನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಹೆಸರಿನ ಪಟ್ಟಿ ಸಣ್ಣ ಕೆಲಸವೆನಿಸಬಹುದು. ನನ್ನವ್ವನಂಥ ಸಾವಿರ ಅವ್ವಂದಿರು ಆ ಹೊತ್ತಿಗೆ ಫೋನು ಹಿಡಿದು ಕೂತಿರುತ್ತಾರೆ.

ಮುಂಬೈಯಲ್ಲಿ ಟೀವಿ ವಾಹಿನಿಗಳು ಕಮಾಂಡೋಗಳ ಚಲನವಲನವನ್ನೇ ನೇರವಾಗಿ ತೋರಿಸಿದವು. ಅದನ್ನು ನೋಡಿಕೊಂಡು ಗಡಿಯಾಚೆಯವರು ಫೋನಿನಲ್ಲಿ ಹಂತಕರಿಗೆ ಸೂಚನೆ ಕೊಟ್ಟರು. ಸುಪ್ರೀಂ ಕೋರ್ಟು 2012ರ ಕಸಬ್ ತೀರ್ಪಿನಲ್ಲಿ ವಾಹಿನಿಗಳನ್ನು ಕಟುವಾಗಿ ಟೀಕಿಸಿತು, 2015ರಲ್ಲಿ ಅಂಥ ನೇರಪ್ರಸಾರಕ್ಕೆ ನಿಷೇಧ ಬಂತು. ಈಗ ವಾಹಿನಿ ಸುಮ್ಮನಿದ್ದರೂ ಪ್ರತಿ ಕಿಸೆಯಲ್ಲಿ ಒಂದು ಕ್ಯಾಮೆರಾ ಇದೆ. ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು, ಒಳಗೆ ವಿಜಯೋತ್ಸವ ನಡೆದೇ ಇತ್ತು.

ಈ ವರ್ಷ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದಾಗ ನನ್ನ ಕಣ್ಣು ತೇರಿನ ಮೇಲಿಗಿಂತ ದಾರಿಗಳ ಮೇಲೇ ಹೆಚ್ಚು ಇತ್ತು. ಬಳೆ ಅಂಗಡಿಗಳ ನಡುವಿನ ಓಣಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕು. ಅತ್ತ ರಾತ್ರಿಯಿಡೀ ನಡೆಯುವ ಕಂಪನಿ ನಾಟಕಗಳ ತಗಡಿನ ಥಿಯೇಟರು, ಇತ್ತ ತೊಟ್ಟಿಲು, ನಡುನಡುವೆ ಪಟಾಕಿಯ ಸದ್ದು. ಲಕ್ಷಗಟ್ಟಲೆ ಜನರ ಈ ಗದ್ದಲದಲ್ಲಿ ಎಲ್ಲರ ಕಿವಿಗೂ ಮುಟ್ಟುವುದು ಒಂದೇ ದನಿ, ಕಳೆದುಹೋದ ಮಕ್ಕಳ ಅಂಗಿಯ ಬಣ್ಣ, ಊರಿನ ಹೆಸರು ಕೂಗಿ ಹೇಳುವ ಮೈಕಿನವರದು. ಝೆಂಡೆಯವರ ಕತೆಯನ್ನು ಅವರಿಗೆ ಹೇಳಿ, ಅಂಥದ್ದೇನಾದರೂ ಆದರೆ ಏನು ಮಾಡುತ್ತೀರಿ ಎಂದು ಕೇಳಿದೆ.

ಅವರು ಮೈಕಿಗೆ ಕೈ ಅಡ್ಡ ಹಿಡಿದು ಸ್ವಲ್ಪ ಹೊತ್ತು ಯೋಚಿಸಿದರು.

"ಮಂದಿನ್ನ ಯಾವ ಕಡೆ ಕಳಸಬೇಕಂತ ನನಗ ಯಾರರ ಮದಲ ಹೇಳಿರಬೇಕ್ರಿ. ಇಲ್ಲಂದ್ರ ಎಲ್ಲಾರ್ನೂ ಹೊಂಡದ ಕಡೇನ ಓಡಿಸಿಬಿಟ್ಟೇನು." ಆಮೇಲೆ ಮೇಜಿನ ಕೆಳಗೆ ಬಗ್ಗಿ ನೋಡಿ ಹೇಳಿದರು, "ಮತ್ತ ಈ ಬ್ಯಾಟರಿ ಹಳೇದ ಆಗೇತಿ. ಕರೆಂಟ್ ಹೋದ್ರ ಹತ್ತ ಮಿನಿಟ ಸೈತ ಬರಂಗಿಲ್ಲ."