‘ಎಲ್ಸ್’ಗೆ ಬಿದ್ದ 43 ಅರ್ಜಿ

ಇವತ್ತು ನನ್ನದೇ ಒಂದು ತಪ್ಪು ಹೇಳ್ಕೋಬೇಕು.

ವಿಧವಾ ವೇತನ, ಸಂಧ್ಯಾ ಸುರಕ್ಷಾ ಅಂತ ಅರ್ಜಿ ಹಾಕಿ ಕಾಯ್ತಿರೋ ಮೊಳಕಾಲ್ಮೂರು ಕಡೆಯ ನಮ್ಮ ಕೇರಿ ಜನರ ಪಟ್ಟಿ ನನ್ನ ಹತ್ರ ಇದೆ. 43 ಹೆಸರು. ಭಾನುವಾರ ಚಳ್ಳಕೆರೆಯಲ್ಲಿ ಬಸ್ ಹತ್ತೋ ಮುಂಚೆ ಯಾರದ್ದು ಬಾಕಿ ಅಂತ ನೋಡ್ಕೊಂಡು ಹೊರಡ್ತೀನಿ. ನೋಟ್‌ಬುಕ್ ಸಾಕಾಗಿ, ಅಕ್ಕನ ಮಗನ ಹತ್ರ ಕಲಿತು ಪೈಥಾನ್‌ನಲ್ಲಿ ಸಣ್ಣದೊಂದು ಪ್ರೋಗ್ರಾಂ ಬರೆದೆ. ಟರ್ಮಿನಲ್‌ನಲ್ಲಿ ಅದರ ಹೆಸರಿನ ಮುಂದೆ ‘ಆಡ್’ ಅಂತ ಕೊಟ್ರೆ ಹೆಸರು ಸೇರಿಸುತ್ತೆ, ‘ಲಿಸ್ಟ್’ ಅಂದ್ರೆ ಬಾಕಿ ತೋರಿಸುತ್ತೆ, ‘ಕ್ಲೋಸ್’ ಅಂದ್ರೆ ಮಾರ್ಚ್ ಕೊನೆಗೆ ಎಲ್ಲಾ ಮುಗೀತು ಅಂತ ಗುರುತು ಹಾಕುತ್ತೆ. ‘ಆಡ್’ಗೆ ಒಂದು ಇಫ್, ‘ಲಿಸ್ಟ್’ಗೆ ಇನ್ನೊಂದು. ಉಳಿದದ್ದು ‘ಕ್ಲೋಸ್’ ತಾನೇ ಅಂತ ಅದನ್ನ ಎಲ್ಸ್‌ಗೆ ಹಾಕ್ಬಿಟ್ಟಿದ್ದೆ.

ಹೋದ ಭಾನುವಾರ ಅವಸರದಲ್ಲಿ ‘ಲಿಸ್ಟ್’ನ ಎರಡು ಅಕ್ಷರ ಹಿಂದುಮುಂದಾಯ್ತು. ಪ್ರೋಗ್ರಾಂ ತುಟಿ ಪಿಟಕ್ ಅನ್ನಲಿಲ್ಲ. ಸರಿಯಾಗಿ ಕೊಟ್ಟು ನೋಡಿದ್ರೆ ಬಾಕಿ ಸೊನ್ನೆ! 43 ಅರ್ಜಿನೂ ಮುಗಿದಿತ್ತು.

ಪುಣ್ಯಕ್ಕೆ ನೋಟ್‌ಬುಕ್ ಬಿಸಾಕಿರಲಿಲ್ಲ. ರಾಂಪುರದ ಕಡೆ ಒಬ್ಬ ಅಜ್ಜಿ ಎರಡು ವರ್ಷದಿಂದ ಅಲೀತಿದಾರೆ. ಕೌಂಟರಿನವರು ಆಗಲ್ಲ ಅನ್ನಲ್ಲ, ಆಗ್ತದೆ ಅಂತನೂ ಅನ್ನಲ್ಲ, ಅರ್ಜಿ ತಗೊಂಡು ಇಟ್ಕೋತಾರೆ. ಅದನ್ನ ಬೈಕೊಂಡು ತಿರುಗೋ ನಾನು, ಹಗಲು ಗುಮಾಸ್ತ, ರಾತ್ರಿ ಕೂತು ಅಂಥದ್ದೇ ಇನ್ನೊಬ್ಬ ಗುಮಾಸ್ತನ್ನ ಬರೆದಿಟ್ಟಿದ್ದೆ.

‘ಮಾಮ, ಎಲ್ಸ್‌ನಲ್ಲಿ ಕೆಲಸ ಮಾಡಿಸ್ಬೇಡ, ಗೊತ್ತಿಲ್ಲ ಅನ್ನಿಸು’ ಅಂದ ಹುಡುಗ. ಈಗ ಮೂರಕ್ಕೂ ಬೇರೆ ಬೇರೆ ಷರತ್ತು. ಬೇರೆ ಏನೇ ಬಂದ್ರೂ ಆ ಪದವನ್ನೇ ವಾಪಸ್ ತೋರಿಸಿ, ಇದು ಗೊತ್ತಿಲ್ಲ, ಗೊತ್ತಿರೋದು ಈ ಮೂರು ಅಂತ ಹೇಳಿ, 2 ಅನ್ನೋ ಸಂಖ್ಯೆ ಕೊಟ್ಟು ನಿಲ್ಲುತ್ತೆ. ಸೊನ್ನೆ ಕೊಟ್ರೆ ಕೆಲಸ ಸರಿಯಾಯ್ತು ಅಂತ ಅರ್ಥವಂತೆ. ಪೈಥಾನ್ ಜೊತೆಗೇ ಬರೋ ಆರ್ಗ್‌ಪಾರ್ಸ್‌ಗೆ ಆ ಮೂರು ಪದ ಕೊಟ್ಟಿದ್ರೆ ಇಷ್ಟನ್ನೂ ಅದೇ ಮಾಡ್ತಿತ್ತು, ನನಗೇ ಗೊತ್ತಿರಲಿಲ್ಲ. ‘ಲಿಸ್ಟ್ ಇರಬಹುದಾ?’ ಅಂತ ಕೇಳೋದನ್ನೂ ಡಿಫ್‌ಲಿಬ್‌ನಿಂದ ಸೇರಿಸಿದ. ಕೇಳುತ್ತೆ ಅಷ್ಟೆ, ತಾನೇ ಊಹಿಸಿ ಮಾಡಲ್ಲ. ಗಿಟ್ ಕೂಡ ನಾವಾಗಿ ಹೇಳದ ಹೊರತು ಹೀಗೇನೇ.

ಈ ಭಾನುವಾರ ಬೇಕಂತಲೇ ತಪ್ಪು ಒತ್ತಿದೆ. ಗೊತ್ತಿಲ್ಲ ಅಂತು. ಸರಿಯಾಗಿ ಕೊಟ್ಟೆ, 43 ಹೆಸರೂ ಬಂದವು. ಬಸ್ ಹತ್ತಿದೆ.

‘ನಂದು ಏನಾತಪ್ಪ?’ ಅಂದ್ರು ಅಜ್ಜಿ.

‘ಇನ್ನೂ ಆಗಿಲ್ಲಜ್ಜಿ. ನಾಳೆ ಬರೆದು ಕೊಟ್ಟು ಉತ್ತರ ಕೇಳಾನ.’