ಕೈಗುಣವೂ ಫ್ರಿಜ್ಜಿನ ಪುಸ್ತಕವೂ

ನಮ್ಮಲ್ಲಿ ಡಾಕ್ಟರನ್ನು ಅಳೆಯುವುದು ಕೈಗುಣದಿಂದ. "ಒಂದೇ ಇಂಜೆಕ್ಷನ್, ಜ್ವರ ಬಿಟ್ಟೇಹೋಯ್ತು" ಎಂದು ಪಕ್ಕದ ಮನೆಯವರು ಹೇಳಿದರೆ ಸಾಕು, ಮರುದಿನ ಬೆಳಗಾಗುವಷ್ಟರಲ್ಲಿ ಆ ಕ್ಲಿನಿಕ್ಕಿನ ಬಾಗಿಲಲ್ಲಿ ಚಪ್ಪಲಿಗಳ ಸಾಲು. ಆ ನಂಬಿಕೆ ನನಗೂ ಇದೆ. "ಏನಾಗಲ್ಲ, ಎರಡು ದಿನ ಗಂಜಿ ಕುಡೀರಿ" ಎಂದು ಡಾಕ್ಟರು ಬೆನ್ನು ತಟ್ಟಿದರೆ ಅರ್ಧ ಕಾಯಿಲೆ ಅಲ್ಲೇ ವಾಸಿ. ಆದರೆ ಆ ಸೂಜಿ ಹೊಸದೋ ಅಲ್ಲವೋ, ಹಿಂದಿನವನ ಹುಣ್ಣು ಮುಟ್ಟಿದ ಕೈ ತೊಳೆದದ್ದೋ ಅಲ್ಲವೋ, ರಾತ್ರಿ ಕರೆಂಟು ಹೋದಾಗ ಲಸಿಕೆಯ ಫ್ರಿಜ್ಜು ಏನಾಯಿತು, ಇದಾವುದೂ ರೋಗಿಗೆ ಕಾಣುವುದಿಲ್ಲ. ಕಾಣದ್ದನ್ನು ನೋಡಲಿಕ್ಕೆಂದೇ ಯಾರಾದರೂ ಬರಬೇಕು.

"ಅಷ್ಟು ಓದಿದ ಡಾಕ್ಟರನ್ನು ಪರೀಕ್ಷೆ ಮಾಡೋದಾ?" ಎಂದು ಕೇಳುವವರಿದ್ದಾರೆ. ಡ್ರೈವರ್ ಎಷ್ಟೇ ಪಳಗಿದವನಾದರೂ ಬಸ್ಸಿಗೆ ಎಫ್‌ಸಿ ಮಾಡಿಸದೆ ಬಿಡುತ್ತೇವೆಯೇ?

ಬರೀ ನಂಬಿಕೆಯ ಮೇಲೆ ಬಿಟ್ಟರೆ ಏನಾದೀತು ಎಂಬುದಕ್ಕೆ ಇಂಗ್ಲೆಂಡಿನ ಹೈಡ್ ಎಂಬ ಊರನ್ನು ನೆನೆಯಬೇಕು. ಮ್ಯಾಂಚೆಸ್ಟರಿನ ಹತ್ತಿರದ ಈ ಊರಲ್ಲಿ ಹೆರಾಲ್ಡ್ ಶಿಪ್‌ಮನ್ ಎಂಬ ಡಾಕ್ಟರ್ ಒಬ್ಬನೇ ಕ್ಲಿನಿಕ್ ನಡೆಸುತ್ತಿದ್ದ. ಮನೆಗೇ ಬಂದು ನೋಡುತ್ತಾನೆಂದು ವಯಸ್ಸಾದವರಿಗೆ ಅವನೆಂದರೆ ಬಲು ಅಕ್ಕರೆ. 2000ದಲ್ಲಿ ಹದಿನೈದು ರೋಗಿಗಳ ಕೊಲೆ ಸಾಬೀತಾಯಿತು. ಆಮೇಲೆ ನ್ಯಾಯಮೂರ್ತಿ ಜಾನೆಟ್ ಸ್ಮಿತ್ ವಿಚಾರಣೆ ನಡೆಸಿ, ಅವನ ಕೈಯಲ್ಲಿ ಸತ್ತವರು 215 ಮಂದಿ ಎಂದರು. ಇಂಥವನನ್ನು ಫ್ರಿಜ್ಜು ನೋಡಿ ಹಿಡಿಯಲಾಗದು, ನಿಜ. ಆದರೆ ಕಟ್ಟುನಿಟ್ಟಿನ ನಿಯಂತ್ರಣದ ನೋವುನಿವಾರಕ ಔಷಧ ಎಷ್ಟು ಬಂತು, ಯಾರಿಗೆ ಹೋಯಿತು, ಒಬ್ಬ ಡಾಕ್ಟರ ರೋಗಿಗಳೇ ಯಾಕೆ ಇಷ್ಟು ಸಾಯುತ್ತಿದ್ದಾರೆ ಎಂದು ಹೊರಗಿನ ಕಣ್ಣೊಂದು ಲೆಕ್ಕ ಕೇಳಿದ್ದರೆ? ಪಕ್ಕದ ಕ್ಲಿನಿಕ್ಕಿನ ಡಾಕ್ಟರೊಬ್ಬರು 1998ರಲ್ಲಿ ಅನುಮಾನಪಟ್ಟು ಹೇಳಿಯೂ ಇದ್ದರು. ಪೊಲೀಸರು ಏನೂ ಸಿಗಲಿಲ್ಲವೆಂದು ಕಡತ ಮುಚ್ಚಿದ್ದರು.

ಮುಂದಿನ ವರ್ಷಗಳಲ್ಲಿ ಆ ದೇಶದಲ್ಲಿ ಕಾವಲು ಬಿಗಿಯಾಯಿತು. 2013ರಿಂದ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆ ಊರೂರಿನ ಡಾಕ್ಟರುಗಳ ಕ್ಲಿನಿಕ್ಕುಗಳನ್ನೂ ನೋಡತೊಡಗಿತು. ಅತ್ಯುತ್ತಮದಿಂದ ಕಳಪೆಯವರೆಗೆ ನಾಲ್ಕು ದರ್ಜೆ. ಸಿಕ್ಕ ದರ್ಜೆಯನ್ನು ರೋಗಿಗಳ ಕಣ್ಣಿಗೆ ಬೀಳುವಂತೆ ತೂಗುಹಾಕಲೇಬೇಕು. ಆದರೆ 2024ರಲ್ಲಿ ಪೆನ್ನಿ ಡ್ಯಾಶ್ ನಡೆಸಿದ ಪರಿಶೀಲನೆ, ಆ ಸಂಸ್ಥೆಯಲ್ಲೇ ದೊಡ್ಡ ಲೋಪಗಳಿವೆ, ಹಲವು ಕಡೆ ವರ್ಷಗಟ್ಟಲೆ ಯಾರೂ ಮತ್ತೆ ಹೋಗಿ ನೋಡಿಲ್ಲ ಎಂದಿತು. ಕಾವಲಿನವನ ಮೇಲೂ ಒಂದು ಕಣ್ಣಿರಬೇಕು.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರೋಣ. ಇಲ್ಲಿ 'ಎನ್‌ಕ್ವಾಸ್ ಟೀಮ್ ಬರುತ್ತಂತೆ' ಎಂದರೆ ಎಲ್ಲರಿಗೂ ಗೊತ್ತು. ಎನ್‌ಕ್ವಾಸ್ ಎಂದರೆ ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳು. ಅವು 2013ರಲ್ಲಿ ಬಂದವು, ಸ್ವಚ್ಛತೆಯ ಕಾಯಕಲ್ಪ ಪ್ರಶಸ್ತಿ 2015ರಲ್ಲಿ. ಎರಡರಲ್ಲೂ ಗೆಲ್ಲಲು ಶೇ. 70 ಅಂಕ ಬೇಕು. ಎನ್‌ಕ್ವಾಸ್ ತಂಡ ನಾಲ್ಕು ದಾರಿಯಲ್ಲಿ ಸತ್ಯ ಹುಡುಕುತ್ತದೆ: ಕಣ್ಣಾರೆ ನೋಡುವುದು, ಸಿಬ್ಬಂದಿಯನ್ನು ಕೇಳುವುದು, ದಾಖಲೆ ತಿರುವುವುದು, ರೋಗಿಯನ್ನು ಮಾತಾಡಿಸುವುದು. ಹಿಂದಿನ ರಾತ್ರಿ ಸುಣ್ಣಬಣ್ಣ ಬಳಿದು ಹೂಕುಂಡ ಜೋಡಿಸಿದರೆ ಮೊದಲನೆಯದಕ್ಕಷ್ಟೇ ಸಾಕು. "ನೆಲದ ಮೇಲೆ ರಕ್ತ ಚೆಲ್ಲಿದರೆ ಏನು ಮಾಡ್ತೀಯಮ್ಮ?" ಎಂದು ಗ್ರೂಪ್ ಡಿ ಹೆಣ್ಣುಮಗಳನ್ನು ಕೇಳಿದಾಗ ಬಣ್ಣ ಉತ್ತರ ಕೊಡುವುದಿಲ್ಲ. ಆಕೆಗೆ ಗೊತ್ತಿರಬೇಕು. ಗೊತ್ತಿರಬೇಕೆಂದರೆ ಯಾರೋ ಕೂತು ಹೇಳಿಕೊಟ್ಟಿರಬೇಕು.

ನನಗೆ ಇದರಲ್ಲೆಲ್ಲ ಮುಖ್ಯವೆನಿಸುವುದು ಫ್ರಿಜ್ಜಿನ ಮೇಲಿರುವ ಬಡಕಲು ಪುಸ್ತಕ. ಲಸಿಕೆ ಇಡುವ, ಐಎಲ್ಆರ್ ಎನ್ನುವ ಆ ಫ್ರಿಜ್ಜಿನ ಉಷ್ಣಾಂಶ 2ರಿಂದ 8 ಡಿಗ್ರಿಯೊಳಗಿರಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಭಾನುವಾರವೂ ಹಬ್ಬದ ದಿನವೂ ನೋಡಿ ಬರೆಯಬೇಕು. ಲಸಿಕೆಯ ಶೀಶೆಯ ಮೇಲೆ ಒಂದು ವೃತ್ತ, ಅದರೊಳಗೊಂದು ತಿಳಿಬಣ್ಣದ ಚೌಕ ಇರುತ್ತದೆ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತದೆ. ವೃತ್ತದ ಬಣ್ಣಕ್ಕೆ ಬಂದರೆ ಶೀಶೆ ಬಿಸಾಡಬೇಕು. ಬಿಸಿಯ ಕಥೆಯನ್ನು ಚೌಕ ಹೇಳುತ್ತದೆ, ಹೆಪ್ಪುಗಟ್ಟಿದ್ದನ್ನು ಹೇಳುವುದಿಲ್ಲ. ಹೆಪಟೈಟಿಸ್ ಬಿ, ಪೆಂಟಾವೇಲೆಂಟ್ ಮುಂತಾದವು ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಂತೆ. ಕರಗಿದ ಮೇಲೆ ಮೇಲ್ನೋಟಕ್ಕೆ ಮೊದಲಿನ ಹಾಗೇ ಕಾಣುತ್ತವೆ. ಕೂಸಿಗೆ ಸೂಜಿ ಚುಚ್ಚಿದ್ದೂ ಆಯಿತು, ಅದು ಅತ್ತದ್ದೂ ಆಯಿತು, ರಕ್ಷಣೆ ಮಾತ್ರ ಇಲ್ಲ. ತಾಯಿಗೆ ಇದು ಎಂದೂ ತಿಳಿಯುವುದಿಲ್ಲ. ಹಾಗಾಗಿ ಆ ಪುಸ್ತಕದಲ್ಲಿ ತಿಂಗಳಿಡೀ ಒಂದೇ ಶಾಯಿ, ಒಂದೇ ಕೈಬರಹ, ಸಾಲಾಗಿ ಬರೀ 4 ಕಂಡರೆ ಒಳ್ಳೆಯ ತಪಾಸಕ ನಿಲ್ಲುತ್ತಾನೆ. ಅದು ಬರೆದದ್ದೇ ಹೊರತು ನೋಡಿದ್ದಲ್ಲ.

ಖಾಸಗಿ ಕ್ಲಿನಿಕ್ಕಿಗೆ ನಮ್ಮಲ್ಲಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆ ಇದೆ. ನೋಂದಣಿ ಇಲ್ಲದೆ ಬಾಗಿಲು ತೆರೆಯುವಂತಿಲ್ಲ; ದರಪಟ್ಟಿ ಹಾಕಬೇಕು; ದೂರಿದ್ದರೆ ಜಿಲ್ಲಾಧಿಕಾರಿಯ ನೇತೃತ್ವದ ಪ್ರಾಧಿಕಾರವಿದೆ. 2017ರಲ್ಲಿ ಇದಕ್ಕೆ ತಿದ್ದುಪಡಿ ತರಲು ಹೊರಟಾಗ ಖಾಸಗಿ ಡಾಕ್ಟರುಗಳು ಮುಷ್ಕರ ಹೂಡಿದ್ದು ಅನೇಕರಿಗೆ ನೆನಪಿರಬಹುದು. ಒಬ್ಬರೇ ಕೂತು ಊರಿಗೆಲ್ಲ ಮದ್ದು ಕೊಡುವ ಡಾಕ್ಟರ ತಲೆಗೆ ನೂರು ಹಾಸಿಗೆಯ ಆಸ್ಪತ್ರೆಯ ಕಾಗದಪತ್ರ ಹೇರಬಾರದೆಂಬುದು ನ್ಯಾಯವೇ. ಆದರೆ ಸೂಜಿಯನ್ನು ತೂತಾಗದ ಬಿಳಿ ಡಬ್ಬಿಗೆ, ರಕ್ತದ ಹತ್ತಿಯನ್ನು ಹಳದಿ ಚೀಲಕ್ಕೆ ಹಾಕಲು ಕಾಗದಪತ್ರ ಬೇಡ, ಅಭ್ಯಾಸ ಬೇಕು. ಆ ಸೂಜಿ ಬೀದಿಯ ಕಸಕ್ಕೆ ಬಿದ್ದರೆ ಚುಚ್ಚಿಸಿಕೊಳ್ಳುವವರು ಬೆಳಿಗ್ಗೆ ಐದಕ್ಕೆ ಬರುವ ಪೌರಕಾರ್ಮಿಕರು. ಕ್ಲಿನಿಕ್ಕಿನ ಸುರಕ್ಷತೆ ಅದರ ಗೋಡೆಗಳೊಳಗೆ ಮುಗಿಯುವುದಿಲ್ಲ.

ಇನ್ನು ಆ ನಾಲ್ಕನೆಯ ದಾರಿ, ರೋಗಿಯನ್ನು ಮಾತಾಡಿಸುವುದು. ಅದು ನಮ್ಮ ಪಾಲಿನ ಕೆಲಸ. ತಂಡದವರು ಬೆಂಚಿನ ಬಳಿ ಬಂದು ಕೇಳಿದರೆ "ಎಲ್ಲಾ ಚೆನ್ನಾಗಿದೆ ಸಾರ್" ಎಂದು ಎದ್ದು ಬರಬೇಡಿ. ಶೌಚಾಲಯಕ್ಕೆ ಬೀಗವಿದ್ದರೆ ಹೇಳಿ. ಹೆಂಗಸರನ್ನು ಪರೀಕ್ಷಿಸುವಲ್ಲಿ ಪರದೆ ಇಲ್ಲದಿದ್ದರೆ ಹೇಳಿ. ಔಷಧ ಹೊರಗೆ ಕೊಳ್ಳಬೇಕಾಗಿ ಬಂದಿದ್ದರೆ ಹೇಳಿ. ನರ್ಸಮ್ಮ ನಿಮ್ಮೆದುರೇ ಹೊಸ ಸಿರಿಂಜಿನ ಕವರು ಹರಿದಿದ್ದರೆ ಅದನ್ನೂ ಮರೆಯದೆ ಹೇಳಿ. ಆಕೆಗೆ ಸಲ್ಲಬೇಕಾದ ಅಂಕ ಆಕೆಗೆ ಸಲ್ಲಲಿ.