ಹೆಸರಾಗುವ ಮುನ್ನ

ಹೆಸರಾದ ಹಾಡುಗಾರನನ್ನು ಮೆಚ್ಚುವುದಕ್ಕೆ ವಿಶೇಷವಾದ ರಸಿಕತೆಯೇನೂ ಬೇಕಾಗುವುದಿಲ್ಲ. ಹತ್ತು ಜನ ತಲೆದೂಗುವಲ್ಲಿ ಹನ್ನೊಂದನೆಯವರಾಗಿ ನಾವೂ ತಲೆದೂಗಿದರೆ ಆಯಿತು. ತೇರು ಉರುಳತೊಡಗಿದ ಮೇಲೆ ಹಗ್ಗಕ್ಕೆ ಕೈಹಚ್ಚುವವರು ಸಾವಿರ ಮಂದಿ. ಅದು ಅಲುಗದೆ ನಿಂತಿರುವಾಗ ಗಾಲಿಗೆ ಸನ್ನೆಗೋಲು ಕೊಡುವವರು ನಾಲ್ಕು ಮಂದಿ. ಸಂಗೀತದಲ್ಲಿ ಆ ನಾಲ್ಕು ಮಂದಿ ಯಾರು, ಅವರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕುರಿತು ವಾಚಕರೊಡನೆ ಎರಡು ಮಾತು ಆಡಬೇಕೆಂದಿದ್ದೇವೆ.

ನಮ್ಮ ಓಡಾಟವೆಲ್ಲ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ಈ ನಾಲ್ಕು ಊರುಗಳ ನಡುವೆ. ಮದುವೆಗೋ, ನೆಂಟರ ಮನೆಗೋ, ಕೋರ್ಟು ಕಚೇರಿಗಳ ಕೆಲಸಕ್ಕೋ ಹೋಗಿ ಬರುತ್ತಿರುತ್ತೇವೆ. ಹೋದಲ್ಲೆಲ್ಲ, ಹೊಸದಾಗಿ ಹಾಡುವವರು ಇಲ್ಲಿ ಯಾರಿದ್ದಾರೆ ಎಂದು ವಿಚಾರಿಸುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಸಂಗೀತ ಬೇಕಾದ್ರೆ ಮೈಸೂರಿಗೋ ಬೆಂಗಳೂರಿಗೋ ಹೋಗ್ಬೇಕು ಸ್ವಾಮಿ, ನಮ್ಮೂರಲ್ಲಿ ಏನಿದೆ?" ಈ ಮಾತನ್ನು ಅರಕಲಗೂಡಿನ ಬಸ್ ನಿಲ್ದಾಣದಲ್ಲಿ ನಿಂತು ಆಡುವವರನ್ನು ಕಂಡರೆ ನಮಗೆ ನಗು ಬರುತ್ತದೆ. ಏಕೆಂದರೆ ರುದ್ರಪಟ್ಟಣವಿರುವುದು ಅದೇ ತಾಲ್ಲೂಕಿನಲ್ಲಿ.

ಕಾವೇರಿಯ ದಡದ ಈ ಚಿಕ್ಕ ಗ್ರಾಮ ಕರ್ನಾಟಕ ಸಂಗೀತಕ್ಕೆ ಕೊಟ್ಟಷ್ಟು ವಿದ್ವಾಂಸರನ್ನು ದೊಡ್ಡ ನಗರಗಳೂ ಕೊಟ್ಟಿರುವುದು ಅಪರೂಪ. ಆರ್. ಕೆ. ಶ್ರೀಕಂಠನ್, ವೈಣಿಕ ಆರ್. ಕೆ. ಸೂರ್ಯನಾರಾಯಣ, ರುದ್ರಪಟ್ಟಣ ಸಹೋದರರೆಂದು ಪ್ರಸಿದ್ಧರಾದ ತ್ಯಾಗರಾಜನ್ ಮತ್ತು ತಾರಾನಾಥನ್, ಆರ್. ಕೆ. ಪದ್ಮನಾಭ ಇವರೆಲ್ಲರ ಹೆಸರಿಗೆ ಅಂಟಿಕೊಂಡಿರುವ 'ಆರ್' ಎಂಬ ಮೊದಲಕ್ಷರ ರುದ್ರಪಟ್ಟಣವೇ. ಶ್ರೀಕಂಠನ್ ಅವರು ೧೯೨೦ರಲ್ಲಿ ಅಲ್ಲಿಯೇ ಹುಟ್ಟಿದವರು. ತಂದೆ ಕೃಷ್ಣಶಾಸ್ತ್ರಿಗಳು ಹಾಡುಗಾರರು, ಹರಿಕಥೆ ಬಲ್ಲವರು; ಅಣ್ಣ ವೆಂಕಟರಾಮಶಾಸ್ತ್ರಿಗಳು ಪಿಟೀಲು ವಿದ್ವಾಂಸರು. ಮನೆಯೇ ಪಾಠಶಾಲೆ, ಮನೆಯೇ ಮೊದಲನೆಯ ಸಭೆ. ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ 'ಸಂಗೀತ ಕಲಾನಿಧಿ' ಎಂಬ ಬಿರುದನ್ನು ಕೊಟ್ಟದ್ದು ೧೯೯೫ರಲ್ಲಿ. ಪದ್ಮಭೂಷಣ ಬಂದದ್ದು ೨೦೧೧ರಲ್ಲಿ. ತೊಂಬತ್ತು ದಾಟಿದ ಮೇಲೂ ಹಾಡುತ್ತಿದ್ದು, ೨೦೧೪ರಲ್ಲಿ ತೀರಿಕೊಂಡರು. ಬಿರುದು ಕೊಟ್ಟವರ ಹೆಸರು ಪುಸ್ತಕಗಳಲ್ಲಿ ಉಳಿಯುತ್ತದೆ. ಆದರೆ ಬಾಲಕನ ಕೊರಳು ಇನ್ನೂ ಬಲಿಯದೆ ಇದ್ದಾಗ ಜಗಲಿಯ ಮೇಲೆ ಕುಳಿತು "ಇನ್ನೊಂದು ಹಾಡು ಮಗೂ" ಎಂದವರ ಹೆಸರು ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಊರಿನಲ್ಲಿ ಕೇಳುವವರು ಇದ್ದುದರಿಂದಲೇ ಊರಿನಲ್ಲಿ ಹಾಡುವವರು ಹುಟ್ಟಿದರೆಂದು ನಮಗೆ ತೋರುತ್ತದೆ.

ಹಾಗೆ ಹುಟ್ಟಿದವರು ಮೈಸೂರಿಗೆ ಹೋದರು, ಬೆಂಗಳೂರಿಗೆ ಹೋದರು. ಹೋಗಬಾರದಿತ್ತೆಂದು ಹೇಳುವುದು ಅನ್ಯಾಯ, ಜೀವನೋಪಾಯ ಅಲ್ಲಿತ್ತು. ಆದರೆ ಅವರ ಪೈಕಿ ಪದ್ಮನಾಭ ಅವರು ಹುಟ್ಟಿದೂರಿನ ಕಡೆಗೆ ಮತ್ತೆ ಮುಖಮಾಡಿ, ಅಲ್ಲಿ ವರ್ಷವರ್ಷವೂ ಸಂಗೀತೋತ್ಸವ ನಡೆಯುವಂತೆ ಮಾಡಿದರು; ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಧ್ಯಾನಮಂದಿರವನ್ನು ಕಟ್ಟಿಸಿದರು. ದೂರದಿಂದ ಆ ತಂಬೂರಿಯನ್ನು ಕಂಡಾಗಲೆಲ್ಲ ನಮಗೆ ಒಂದು ಯೋಚನೆ ಬರುತ್ತದೆ: ಶ್ರುತಿ ಹಿಡಿದು ನಿಂತಿದೆ, ಸರಿ, ಮುಂದಿನ ಕೊರಳು ಎಲ್ಲಿ?

ಆ ಕೊರಳು ಇದೆ. ಅದನ್ನು ಕೇಳಲು ಸ್ವಲ್ಪ ಮೊದಲೇ ಹೋಗಬೇಕು, ಅಷ್ಟೆ. ಗಣಪತಿಯ ಪೆಂಡಾಲಿನಲ್ಲಾಗಲಿ ರಾಮನವಮಿಯಲ್ಲಾಗಲಿ, ದೊಡ್ಡ ವಿದ್ವಾಂಸರ ಕಛೇರಿ ಆರೂವರೆಗೆ ಎಂದಿದ್ದರೆ ನಾಲ್ಕೂವರೆಗೆ ಯಾರೋ ಹುಡುಗ ಹುಡುಗಿಯರ ಹಾಡಿಕೆ ಇಟ್ಟಿರುತ್ತಾರೆ. ಆ ಹೊತ್ತಿನಲ್ಲಿ ಕುರ್ಚಿಗಳು ಖಾಲಿ. ಮೈಕಿನವನು ತಂತಿ ಎಳೆಯುತ್ತಿರುತ್ತಾನೆ. ಒಳಗೆ ಪುಳಿಯೋಗರೆಯ ಒಗ್ಗರಣೆ ಸಿಡಿಯುತ್ತಿರುತ್ತದೆ. ಹೊಳೆನರಸೀಪುರದಲ್ಲಿ ಇಂತಹ ಒಂದು ಸಂಜೆ, ಹದಿನಾರು ಹದಿನೇಳರ ಹುಡುಗಿಯೊಬ್ಬಳು ಮೋಹನ ಹಾಡುತ್ತಿದ್ದಳು. ಎದುರಿಗೆ ಕುಳಿತಿದ್ದವರು ನಾವು, ನಮ್ಮ ಮನೆಯವರು, ಇಬ್ಬರು ವೃದ್ಧರು ಮತ್ತು ಶ್ರುತಿಪೆಟ್ಟಿಗೆಯ ಪಕ್ಕದಲ್ಲಿ ಅವಳ ತಾಯಿ. ಒಂದು ಸಂಗತಿ ಅವಳಿಗೆ ಜಾರಿತು. ಮುಚ್ಚಿಕೊಂಡು ಮುಂದಕ್ಕೆ ಹೋಗಬಹುದಾಗಿತ್ತು, ಹೋಗಲಿಲ್ಲ. ಹಿಂದಕ್ಕೆ ಬಂದು ಅದೇ ಸಾಲನ್ನು ಎತ್ತಿ, ನೆಟ್ಟಗೆ ಹಾಡಿ, ಆಮೇಲೆ ಮುಂದುವರಿದಳು. ವೃದ್ಧರಲ್ಲೊಬ್ಬರು "ಭೇಷ್ ಮಗೂ" ಎಂದರು. ತುಂಬಿದ ಸಭೆಯ ಚಪ್ಪಾಳೆಗಿಂತ ಆ ಒಂದು ಮಾತು ನಮಗೆ ದೊಡ್ಡದೆನ್ನಿಸಿತು. ಕಛೇರಿ ಮುಗಿದ ಮೇಲೆ ಅವಳ ತಂದೆಯನ್ನು ಮಾತನಾಡಿಸಿದೆವು. "ಪಾಠಕ್ಕೆ ಹಾಸನಕ್ಕೆ ಕರ್ಕೊಂಡು ಹೋಗ್ತೀನಿ ಸಾರ್. ಈ ವರ್ಷ ಪಿಯುಸಿ. ಇನ್ನು ನಿಲ್ಲಿಸೋಣ ಅಂತಿದಾರೆ ಮನೇಲಿ. ಹಾಡಿ ಬಂದ್ರೆ ಒಂದು ಶಾಲು ಹೊದಿಸ್ತಾರೆ. ಶಾಲು ಕೊಟ್ರೆ ಬಸ್ಸಿನವನು ಟಿಕೆಟ್ ಕೊಡೋದಿಲ್ಲವಲ್ಲ!" ಎಂದು ನಕ್ಕರು. ಆ ನಗು ನಮಗೆ ಹಿತವಾಗಲಿಲ್ಲ.

ಶಾಸ್ತ್ರೀಯ ಸಂಗೀತದ ಮಾತು ಹೀಗಾದರೆ, ತಾವೇ ಪದ ಕಟ್ಟಿ, ತಾವೇ ರಾಗ ಹಾಕಿ, ಸಿನಿಮಾದವರ ಹಂಗಾಗಲಿ ಕಂಪೆನಿಯ ಹಂಗಾಗಲಿ ಇಲ್ಲದೆ ಹಾಡುವ ತರುಣರ ಪಾಡು ಇನ್ನೂ ಬಿಗಿ. ಈ ದಾರಿ ಕನ್ನಡಕ್ಕೆ ಹೊಸದಲ್ಲ. ಕಾಳಿಂಗರಾಯರು ಕವಿಗಳ ಪದಗಳನ್ನು ಊರೂರಿನ ವೇದಿಕೆಗಳಲ್ಲಿ ಹಾಡಿ ಜನಕ್ಕೆ ಒಲಿಸಿದರು. ೧೯೭೮ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ರಾಗ ಕೂಡಿಸಿದ 'ನಿತ್ಯೋತ್ಸವ' ಧ್ವನಿಸುರುಳಿ ಮನೆಮನೆಗೆ ಬಂದಿತು. ನಮ್ಮ ಹಾಸನದ ಕಡೆಯವರೇ ಆದ ಚಂದನ್ ಶೆಟ್ಟಿಯವರು ಪಟಪಟನೆ ಮಾತು ಪೋಣಿಸುವ ರ್‍ಯಾಪ್ ಹಾಡುಗಳಿಂದ ಹುಡುಗರಿಗೆಲ್ಲ ಪರಿಚಿತರಾದರು. ಹಿರಿಯರು ಕಿವಿ ಮುಚ್ಚಿಕೊಂಡರೆಂಬುದು ಬೇರೆ ಮಾತು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ವರ್ಷಗಳ ಕಾಲ ಕಂಪೆನಿಗಳ ಬಾಗಿಲು ತಟ್ಟಿದ ಮೇಲೆ ಅವರ ಮೊದಲನೆಯ ಸಂಪುಟ ೨೦೦೮ರಲ್ಲಿ ಹೊರಬಂದಿತು. ಇಂಗ್ಲೆಂಡಿನ 'ಸಾಂಗ್‌ಲೈನ್ಸ್' ಪತ್ರಿಕೆ ೨೦೧೧ರಲ್ಲಿ ಅವರಿಗೆ ಅತ್ಯುತ್ತಮ ಹೊಸಬನೆಂಬ ಪ್ರಶಸ್ತಿಯನ್ನು ಕೊಟ್ಟಿತು. ಆ ವೇಳೆಗೆ ಅವರು ನಮ್ಮ ನಾಡಿನಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಹಾಡಿದ್ದರು. ಅವರನ್ನು ಹೊಸಬನೆಂದು ಗುರುತಿಸುವ ಅವಕಾಶ ನಮಗೆ ಅಷ್ಟೂ ವರ್ಷ ಇತ್ತೆಂಬುದನ್ನು ವಾಚಕರು ಗಮನಿಸಬೇಕು.

ಈಗ ಕಂಪೆನಿಯ ಬಾಗಿಲು ತಟ್ಟಬೇಕಾಗಿಲ್ಲ, ಮೊಬೈಲ್ ಫೋನೊಂದಿದ್ದರೆ ಸಾಕು ಎನ್ನುತ್ತಾರೆ. ಅರ್ಧ ನಿಜ. ಚನ್ನರಾಯಪಟ್ಟಣದಲ್ಲಿ ಹಗಲೆಲ್ಲ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದು, ರಾತ್ರಿ ಗಿಟಾರ್ ಹಿಡಿದು ಹಾಡು ಕಟ್ಟುವ ತರುಣನೊಬ್ಬನನ್ನು ನಾವು ಬಲ್ಲೆವು. ತೆಂಗಿನ ತೋಟ ಮಾರಿ ಪಟ್ಟಣ ಸೇರಿದ ಅಜ್ಜನೊಬ್ಬನ ಮೇಲೆ ಅವನು ಕಟ್ಟಿರುವ ಹಾಡನ್ನು ಕೇಳಿ ನಮ್ಮ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆ ಹಾಡನ್ನು ಅವನು ಯೂಟ್ಯೂಬಿಗೆ ಏರಿಸಿದ್ದಾನೆ. ಅಲ್ಲಿಯ ಜಾಹೀರಾತಿನ ವರಮಾನದಲ್ಲಿ ಪಾಲು ಸಿಕ್ಕಬೇಕಾದರೆ ೧,೦೦೦ ಮಂದಿ ಚಂದಾದಾರರಿರಬೇಕು. ಹನ್ನೆರಡು ತಿಂಗಳಲ್ಲಿ ಜನ ಒಟ್ಟು ೪,೦೦೦ ಗಂಟೆ ನೋಡಿರಬೇಕು. ಚಂದಾದಾರನಾಗುವುದಕ್ಕೆ ಕಾಸು ಖರ್ಚಿಲ್ಲ. ಆದರೂ ಲೆಕ್ಕ ಹಾಕಿ ನೋಡಿ: ನಾಲ್ಕು ನಿಮಿಷದ ಹಾಡಾದರೆ ಅದನ್ನು ಪೂರ್ತಿಯಾಗಿ ೬೦,೦೦೦ ಸಲ ಕೇಳಬೇಕಾಯಿತು! ಹುಡುಗನಿಗೆ ಇದು ಬೆಟ್ಟ. ಆದರೆ ೨೦೧೧ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ ಹದಿನೇಳು ಲಕ್ಷಕ್ಕೂ ಮೇಲೆ. ಮೂವತ್ತು ಜನರಲ್ಲಿ ಒಬ್ಬರು, ವರ್ಷಕ್ಕೆ ಒಂದೇ ಒಂದು ಸಲ ಕೊನೆಯವರೆಗೆ ಕೇಳಿದರೆ ಬೆಟ್ಟ ಕರಗುತ್ತದೆ.

ಆ ಯಂತ್ರದ ಸ್ವಭಾವವನ್ನೂ ತಿಳಿದಿರಬೇಕು. ಅದು ನಾವು ಹಿಂದೆ ಏನು ಕೇಳಿದೆವೋ, ನಮ್ಮಂತಹವರು ಏನು ಕೇಳಿದರೋ ಅದನ್ನೇ ಹೆಚ್ಚಾಗಿ ಮುಂದಿಡುತ್ತದೆ. ಉಂಡ ಎಲೆಗೇ ಮತ್ತೆ ಬಡಿಸುವ ಬಡಿಸುವವನಂತೆ, ಹಸಿದು ಪಂಕ್ತಿಯ ಕೊನೆಯಲ್ಲಿ ಕುಳಿತವನ ಕಡೆಗೆ ಅದು ತಾನಾಗಿ ಬರುವುದು ಕಡಮೆ. ಆದುದರಿಂದ ಹೊಸಬರನ್ನು ನಾವೇ ಹೆಸರು ಹಿಡಿದು ಹುಡುಕಬೇಕು. ಅರ್ಧಕ್ಕೆ ಬಿಡದೆ ಪೂರ್ತಿ ಕೇಳಬೇಕು. ಮೆಚ್ಚಿಗೆಯಾದರೆ ನಾಲ್ವರಿಗೆ ತಿಳಿಸಬೇಕು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಭಾನುವಾರ ರಾತ್ರಿ ಊಟವಾದ ಮೇಲೆ ಎಲ್ಲರೂ ಕುಳಿತು, ಹೆಸರು ಕೇಳದ ಒಬ್ಬರ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಕೇಳುವುದು. ಆರಿಸುವ ಸರದಿ ಒಂದು ವಾರ ಹಿರಿಯರದು, ಒಂದು ವಾರ ಮಕ್ಕಳದು. ಹತ್ತರಲ್ಲಿ ಆರು ಸಾಧಾರಣ, ಮೂರು ಪರವಾಗಿಲ್ಲ. ಒಂದು ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತದೆ. ಹೊಸದೆಲ್ಲ ಚೆನ್ನೆಂದು ನಾವು ವಾದಿಸುವುದಿಲ್ಲ. ಆಕಾಶವಾಣಿಯವರು ಕೂಡ ಪರೀಕ್ಷೆಮಾಡಿ, ಬಿ, ಬಿ ಹೈ, ಎ, ಟಾಪ್ ಎಂದು ತರಗತಿ ಕಟ್ಟುತ್ತಾರೆ. ಜರಡಿ ಬೇಕು, ಆದರೆ ಕಾಳನ್ನು ಜರಡಿಗೆ ಹಾಕದೆ ಜೊಳ್ಳೆಂದು ಎಸೆಯಬಾರದು. ಇದಲ್ಲದೆ, ಮನೆಯಲ್ಲಿ ನಾಮಕರಣವೋ ಗೃಹಪ್ರವೇಶವೋ ಆದಾಗ ತಾಲ್ಲೂಕಿನ ಒಬ್ಬ ಹೊಸ ಹಾಡುಗಾರರನ್ನು ಕರೆಸಿ, ಹಾಡುವಾಗ ಮಾತನಾಡದೆ ಕೇಳಿ, ತಾಂಬೂಲದೊಡನೆ ಸಂಭಾವನೆಯನ್ನು ಲಕೋಟೆಯಲ್ಲಿಟ್ಟು ಕೊಡುತ್ತೇವೆ. ಶಾಲಿನ ಖರ್ಚನ್ನು ಆ ಲಕೋಟೆಗೇ ಸೇರಿಸುತ್ತೇವೆ.

ನಮ್ಮ ಸೀಮೆಗೂ ಸಂಗೀತಗಾರರ ಕಥೆಗಳಿಗೂ ಹಳೆಯ ನಂಟು. 'ಸಂಧ್ಯಾರಾಗ' ಬರೆದ ಅ. ನ. ಕೃಷ್ಣರಾಯರ ಹೆಸರಿನ ಮೊದಲಕ್ಷರ ಅರಕಲಗೂಡು. ೨೦೧೦ರ ಸರಸ್ವತಿ ಸಮ್ಮಾನ ಪಡೆದ 'ಮಂದ್ರ'ದ ಕರ್ತೃ ಭೈರಪ್ಪನವರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ಸಂಗೀತಕ್ಕಾಗಿ ಮನುಷ್ಯ ಏನೇನು ತೆರಬೇಕಾಗುತ್ತದೆಂಬುದನ್ನು ಈ ಕಾದಂಬರಿಗಳಲ್ಲಿ ಓದಿ ನಾವು ನಿಟ್ಟುಸಿರು ಬಿಟ್ಟಿದ್ದೇವೆ. ಪುಸ್ತಕದ ಹಾಡುಗಾರನಿಗೆ ಸಲ್ಲುವ ಈ ಕನಿಕರ, ಪಕ್ಕದ ಬೀದಿಯಲ್ಲಿ ಸರಳೆವರಸೆ ಅಭ್ಯಾಸಮಾಡುವ ಹುಡುಗಿಗೆ ಏಕೆ ಸಲ್ಲಬಾರದು?

ಹೇಮಾವತಿಯೂ ಕಾವೇರಿಯೂ ನಮ್ಮ ಜಿಲ್ಲೆಯಲ್ಲಿ ಹರಿದು ಮುಂದಿನ ಸೀಮೆಗೆ ಹೋಗುವ ಹೊಳೆಗಳು. ಹೋಗಬೇಡವೆಂದು ಅವನ್ನು ಯಾರೂ ತಡೆಯಲಾರರು. ದಾರಿಯಲ್ಲಿ ನಮ್ಮ ಗದ್ದೆಗಳೂ ನಾಲ್ಕು ಬೊಗಸೆ ನೀರು ಕುಡಿಯಲಿ ಎಂದು ಕಾಲುವೆ ತೆಗೆಯಬಹುದು. ನಮ್ಮ ಹಾಡುಗಾರರೂ ನಾಳೆ ದೊಡ್ಡ ಊರುಗಳಿಗೆ ಹೋಗಲಿ, ಹೆಸರಾಗಲಿ. ಹೊರಡುವ ಮುನ್ನ ನಮ್ಮ ಊರಿನವರು ಕುಳಿತು ಕೇಳಿದ್ದಾರೆಂಬ ನೆನಪು ಅವರೊಡನೆ ಇರಲಿ. ಹೊಳೆನರಸೀಪುರದ ಆ ಹುಡುಗಿ ಪಾಠ ನಿಲ್ಲಿಸಿಲ್ಲವೆಂದು ಮೊನ್ನೆ ತಿಳಿಯಿತು. ಮುಂದಿನ ರಾಮನವಮಿಗೆ ಅವಳ ಹಾಡಿಕೆ ನಾಲ್ಕೂವರೆಗಂತೆ. ನಾವು ನಾಲ್ಕಕ್ಕೇ ಹೋಗುತ್ತೇವೆ. ಮುಂದಿನ ಸಾಲಿನಲ್ಲಿ ಬೇಕಾದಷ್ಟು ಕುರ್ಚಿಗಳು ಖಾಲಿಯಿರುತ್ತವೆ.